ಕಿವಿರು

ಬಂದರಿನಲ್ಲಿ ಹಗ್ಗ ಮಾರುವ ಅಂಗಡಿಯ ಮೇಲೆ
ನನ್ನ ಟೈಪಿಂಗ್ ಸೆಂಟರು. ಮೆಟ್ಟಿಲು ಹನ್ನೊಂದು,
ಏಳನೆಯದು ಸಡಿಲ.
ಮದುವೆ ಕಾಗದ, ಬೋಟಿನ ಬಿಲ್ಲು, ಬಾಡಿಗೆ ಕರಾರು,
ಸತ್ತವರ ತಿಂಗಳ ಪೂಜೆಯ ಕಾರ್ಡು.
ಇಪ್ಪತ್ತಾರು ವರ್ಷದಿಂದ ಇದೇ ಕುರ್ಚಿ,
ಇದೇ ಕಿಟಕಿ,
ಪರದೆಯೊಳಗೂ ಅದೇ ಕಿಟಕಿ.

ಮೊನ್ನೆ ಪ್ರಣ್ವಿತ್ ಬಂದ,
ಹಗ್ಗದಂಗಡಿ ಪೂವಣಿ ಸಾಲ್ಯಾನರ ಮೊಮ್ಮಗ,
ಕಾಲೇಜಿನ ಚೀಲದ ಮೇಲೊಂದು ಪೆಂಗ್ವಿನ್ ಹಕ್ಕಿ.
"ಜೆಸಿಂತಾ ಬಾಯಿ, ಇದನ್ನು ನೀವು ಆರಿಸಿದ್ದಾ,
ಯಾರಾದರೂ ನಿಮ್ಮ ತಲೆಗೆ ಕಟ್ಟಿದ್ದಾ?"
ನಕ್ಕೆ. ರಾತ್ರಿ ಮಲಗಿದ ಮೇಲೆ ನಗು ಬರಲಿಲ್ಲ.

ಕುಚ್ಚಲಕ್ಕಿ ಗಂಜಿ ನನಗಿಷ್ಟ ಅನ್ನುತ್ತೇನೆ.
ಎರಡು ಹಲ್ಲು ಬಂದ ದಿನ
ಬೆಳ್ತಿಗೆ ಒಂದು ಬಟ್ಟಲು, ಕುಚ್ಚಲು ಒಂದು ಬಟ್ಟಲು
ಮುಂದಿಟ್ಟು ಯಾರಾದರೂ ಕೇಳಿದ್ದರೇ?

ತೊಂಬತ್ತೊಂಬತ್ತರಲ್ಲಿ ಬಲ್ಮಠದ ಡೀಲರು
ಥರ್ಮೊಕೋಲು ಬಿಚ್ಚಿ, ವಯರು ಚುಚ್ಚಿ,
"ಎಲ್ಲ ಹಾಕಿ ಕೊಟ್ಟಿದ್ದೇನೆ ಬಾಯಮ್ಮ" ಅಂದ.
ಎಲ್ಲ ಅಂದರೆ ಏನೆಂದು ಕೇಳಲಿಲ್ಲ.
ಬಾಡಿಗೆ ಮನೆಯಲ್ಲಿ ಮೊದಲೇ ಇದ್ದ ಬೆಕ್ಕಿನ ಹಾಗೆ
ಅದು ಒಳಗಿತ್ತು.
ಹಾಲು ಹಾಕಿದೆ, ಅಷ್ಟೆ.

ಫಳ್ನೀರಿನ ಡೆಲ್ಫಿಯ ಮಗಳು
ಕಚ್ಚಿದ ಹಣ್ಣಿನ ಗುರುತಿನದನ್ನು
ಹದಿನೆಂಟು ಕಂತಿನಲ್ಲಿ ತಂದಳು.
"ಇದು ನನ್ನ ಟೇಸ್ಟು ಆಂಟಿ" ಅಂದಳು.
ಜ್ಯೋತಿ ಸರ್ಕಲ್ಲಿನ ಫಲಕದಲ್ಲಿ ಆ ಮಾತು
ಅವಳಿಗಿಂತ ಒಂದು ತಿಂಗಳು ಮೊದಲೇ ನಿಂತಿತ್ತು,
ರಾತ್ರಿಯೆಲ್ಲ ದೀಪ ಹಾಕಿಕೊಂಡು.

ಅವಳನ್ನು ನೋಡಿ ನಗಬಾರದು. ನನಗೂ ಒಂದಿದೆ:
ಬೆಳಿಗ್ಗೆ ಶಟರು ಅರ್ಧ ಎತ್ತಿ ಬಗ್ಗಿ ಒಳಗೆ ಬಂದು
ಗುಂಡಿ ಒತ್ತಿದರೆ ಏಳುವ ಆ ನಾಲ್ಕು ಸ್ವರ.
ಅಪ್ಪ ತೀರಿದ ವಾರ ಬಾಗಿಲು ತೆಗೆದಾಗಲೂ
ಏನೂ ಆಗದವರ ಹಾಗೆ ಎದ್ದಿತ್ತು;
ಮಣ್ಣಿನಲ್ಲಿ ಅಳದವಳು ಅಲ್ಲಿ ಅತ್ತೆ.
"ಅದನ್ನೂ ದುಡ್ಡು ಕೊಟ್ಟು ಮಾಡಿಸಿದ್ದು,
ನಿಮಗೆ ಇಷ್ಟವಾಗಲಿ ಅಂತಲೇ" ಅಂದ ಹುಡುಗ.
ಇರಬಹುದು.
ಇಗರ್ಜಿಯ ಗಂಟೆಯನ್ನೂ ಯಾರೋ
ದುಡ್ಡು ಕೊಟ್ಟೇ ಎರಕ ಹೊಯ್ಸಿದ್ದಲ್ಲವಾ.

ಇವತ್ತು ಮತ್ತೆ ಬಂದ, ಪೆನ್‌ಡ್ರೈವು ಹಿಡಿದು.
ಮೂಲೆಯ ಇನ್ನೊಂದು ಯಂತ್ರ ತೋರಿಸಿದೆ.
ಚಾ ಆರುವಷ್ಟರಲ್ಲಿ ಹಕ್ಕಿ ಗೂಡು ಕಟ್ಟಿತು.
ಪುಕ್ಕಟೆ. ಚುರುಕು. ಬಣ್ಣವೂ ಚೆಂದ.
ಹಳೆಯ ಮದುವೆ ಕಾಗದವೊಂದನ್ನು ತೆರೆದೆ.
ಒತ್ತುಗಳೆಲ್ಲ ಕಳಚಿ ಬಿದ್ದಿದ್ದವು,
ಅರ್ಕಾವತ್ತು ಅತ್ತ, ದೀರ್ಘ ಇತ್ತ.
ಚಿ. ಸೌ. ಜಲಜಾಕ್ಷಿಯ 'ಕ್ಷಿ' ಇದ್ದಲ್ಲಿ
ಒಂದು ಡಾಲರು ಚಿಹ್ನೆ.
ಕಣ್ಣೇ ಹೋಗಿತ್ತು ಹುಡುಗಿಗೆ.

ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟದ್ದು
ಪ್ರೀತಿಯೂ ಅಲ್ಲ, ಫಲಕವೂ ಅಲ್ಲ ಹಾಗಾದರೆ,
ಕ-ದ ಕಾಲಿಗೆ ಕಟ್ಟಿದ ಒಂದು ಷ.

ಕೆಳಗೆ ಮೀನಿನ ಸ್ಕೂಟರು ಹಾರ್ನು ಹೊಡೆಯಿತು.
ಬಂಗುಡೆ ಎಂದೇ ಇಳಿದೆ.
"ಬಾಯಮ್ಮ, ಇವತ್ತು ಬೂತಾಯಿ ನೋಡಿ" ಅಂದ ಮೊಯ್ದೀನಬ್ಬ.
ಬಾಯಲ್ಲಿ ಆಗಲೇ ಬೂತಾಯಿ ಪುಳಿಮುಂಚಿ.
ಬಂಗುಡೆಯ ಆಸೆ ಯಾವ ಮೆಟ್ಟಿಲಲ್ಲಿ ಜಾರಿತೋ,
ಏಳನೆಯದರಲ್ಲೇ ಇರಬೇಕು.
ಆದರೂ ಒಂದನ್ನು ಎತ್ತಿ
ಹೆಬ್ಬೆರಳಲ್ಲಿ ಕಿವಿರು ಬಿಡಿಸಿದೆ:
ಕೆಂಪು.
"ಸರಿ, ಹಾಕು."

ಮೇಲೆ ಬಂದು ಹೇಳಿದೆ:
ಈ ಪೆಟ್ಟಿಗೆಗೆ ಕಿವಿರಿಲ್ಲ ಮಾರಾಯ, ಅದೇ ಕಷ್ಟ.
"ನಮ್ಮದಕ್ಕೆ ಇದೆ" ಎಂದು
ಅದರ ಹೊಟ್ಟೆ ತೆರೆದು ತೋರಿಸಿದ,
ಸಕ್ಕರೆ ಡಬ್ಬಿಗೆ ಹೊರಟ ಇರುವೆಗಳ ಹಾಗೆ
ಸಾಲು, ಸಾಲು, ಸಾಲು.
ಕನ್ನಡಕ ಏರಿಸಿ ನೋಡಿದೆ.
ಇದರಲ್ಲಿ ಕೆಂಪು ಯಾವುದು?
ನೀನು ಹೇಳಿದ್ದನ್ನೇ ನಂಬಬೇಕಲ್ಲ ನಾನು,
ಆ ಡೀಲರನ್ನು ನಂಬಿದ ಹಾಗೆ.

ಮೊದಲ ಬಾರಿ ಸುಮ್ಮನಾದ.
ಆಮೇಲೆ, ಸಣ್ಣ ಸ್ವರದಲ್ಲಿ,
"ಓದಲು ಕಲಿಸುತ್ತೇನೆ" ಅಂದ.

ಚೀಲದಿಂದ ಹನಿ ಬೀಳುತ್ತಿತ್ತು.
ಕೈ ತೊಳೆದು ಕುರ್ಚಿ ಎಳೆದೆ.
ಸಾಬೂನು ಹಾಕಿದರೂ
ಕೀಲಿಮಣೆಗೆ ಸ್ವಲ್ಪ ಮೀನು ತಾಗಿತು.